ಸ್ಪೀಕರ್, ಹೆಡ್‌ಫೋನ್, ಜೋಗುಳ: ಹೊಸ ಅಪ್ಪನ ಸಂಗೀತಕ್ಕೆ ಮನೆಯಲ್ಲಿ ಜಾಗ ಎಲ್ಲಿ?

ಪ್ರಶ್ನೆ: ನನಗೆ 29 ವರ್ಷ, ಮಗನಿಗೆ 3 ತಿಂಗಳು. ಕಾಲೇಜಿನ ದಿನಗಳಿಂದ ಗಿಟಾರ್ ನುಡಿಸುತ್ತೇನೆ, ತಕ್ಕಮಟ್ಟಿಗೆ ಹಾಡುತ್ತೇನೆ. ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನಾದರೂ ಹಾಡು ಇರಲೇಬೇಕು. ಈಗ ಸ್ಪೀಕರ್ ಹಾಕಿದರೆ ಮಗುವಿನ ಕಿವಿ ಹಾಳಾಗುತ್ತದೆ ಎನ್ನುತ್ತಾರೆ. ಹೆಡ್‌ಫೋನ್ ಹಾಕಿಕೊಂಡರೆ ಹೆಂಡತಿಗೆ ಸಿಟ್ಟು. ನಾನೇ ಜೋಗುಳ ಹಾಡಿ ಮಲಗಿಸಲು ಹೋದರೆ ಮಗು ಇನ್ನಷ್ಟು ಕಣ್ಣು ಬಿಡುತ್ತದೆ, ಬಂದವರು ನಗುತ್ತಾರೆ. ಶಾಸ್ತ್ರೀಯ ಸಂಗೀತ ಕೇಳಿಸಿದರೆ ಮಗು ಚುರುಕಾಗುತ್ತದೆ ಎನ್ನುವುದು ನಿಜವೇ? ಅಥವಾ ಒಂದೆರಡು ವರ್ಷ ಸಂಗೀತದ ತಂಟೆಗೇ ಹೋಗದಿರುವುದು ಒಳ್ಳೆಯದೇ?

ಉತ್ತರ: ಬಿಡಬೇಕಾಗಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ಒಂದು ಸದ್ದಿನದು, ಇನ್ನೊಂದು ಹೊತ್ತಿನದು. ಸದ್ದನ್ನು ಅಳೆಯಬಹುದು, ತಗ್ಗಿಸಬಹುದು. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಹೊತ್ತಿನ ವಿಷಯ ಹಾಗಲ್ಲ. ಹೆಂಡತಿಗೆ ಹೆಡ್‌ಫೋನ್ ಕಂಡರೆ ಸಿಟ್ಟು ಎಂದು ನೀವು ಬರೆದಿದ್ದೀರಿ. ನೀವು ಹೆಡ್‌ಫೋನ್ ಹಾಕಿಕೊಂಡ ಆ ಒಂದು ಗಂಟೆ ಮಗು ಯಾರ ಕೈಯಲ್ಲಿತ್ತು ಎಂದು ಕೇಳಿಕೊಂಡರೆ ಸಿಟ್ಟಿನ ಬೇರು ಬಹುಶಃ ಅಲ್ಲೇ ಸಿಗುತ್ತದೆ. ಮೊದಲು ಸುಲಭದ್ದನ್ನು ಮುಗಿಸೋಣ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಐಫೋನ್‌ಗಾದರೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಉಚಿತವಾಗಿ ಕೊಡುವ ಆ್ಯಪ್ ಮನೆಯ ಕೆಲಸಕ್ಕೆ ಧಾರಾಳವಾಗಿ ಸಾಕು. ಆಂಡ್ರಾಯ್ಡ್ ಫೋನುಗಳ ಮೈಕ್ ಒಂದೊಂದರಲ್ಲಿ ಒಂದೊಂದು ಥರ. ಅಲ್ಲಿ ಬರುವ ಅಂಕಿಯನ್ನು ನಾಲ್ಕೈದು ಡೆಸಿಬೆಲ್ ಆಚೀಚೆ ಎಂದುಕೊಂಡೇ ಓದಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಎ’ ವೆಯ್ಟಿಂಗ್, ಅಂದರೆ ಮನುಷ್ಯರ ಕಿವಿಗೆ ಹೊಂದಿಸಿದ ಅಳತೆ, ಆರಿಸಿ. ಅಳೆಯಬೇಕಾದ್ದು ನೀವು ಕೂತ ಕಡೆಯಲ್ಲ, ಮಗುವಿನ ತಲೆ ಇರುವ ಕಡೆ. ಮಗು ತೊಟ್ಟಿಲಿನಲ್ಲಿ ಇಲ್ಲದಾಗ ಫೋನನ್ನು ಅಲ್ಲಿಟ್ಟು, ನೀವು ಮಾಮೂಲಾಗಿ ಇಡುವ ವಾಲ್ಯೂಮಿನಲ್ಲೇ ಎರಡು ಮೂರು ನಿಮಿಷ ಹಾಡು ಓಡಿಸಿ ಸರಾಸರಿ ನೋಡಿ. ಒಮ್ಮೆಲೇ ಏರಿದ ತುದಿಯ ಅಂಕಿ ಅಷ್ಟು ಮುಖ್ಯವಲ್ಲ.

ಈಗ ಆ ಅಂಕಿಯನ್ನು ಏನು ಮಾಡಬೇಕು? ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್. ಫೋನು, ಮ್ಯೂಸಿಕ್ ಪ್ಲೇಯರ್‌ಗಳಲ್ಲಿ ಕೇಳುವ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿದಾಗಲೆಲ್ಲ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಮಕ್ಕಳ ಲೆಕ್ಕದಲ್ಲಿ 78ಕ್ಕೆ 20 ಗಂಟೆ, 81ಕ್ಕೆ 10, 84ಕ್ಕೆ 5, 90ಕ್ಕೆ ವಾರವಿಡೀ ಸೇರಿ ಒಂದೂಕಾಲು ಗಂಟೆ. ಆದರೆ ಈ ಮಿತಿ ತಾವಾಗಿ ಸಾಧನ ಹಿಡಿದು ಕೇಳುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಹಸುಗೂಸಿನ ಕಿವಿಯ ನಾಳ ಚಿಕ್ಕದು, ಆದ್ದರಿಂದ ಮೇಲುಸ್ಥಾಯಿಯ ಸದ್ದು ಅದರೊಳಗೆ ನಮ್ಮ ಕಿವಿಯಲ್ಲಿಗಿಂತ ಹೆಚ್ಚು ಬಲಗೊಳ್ಳುತ್ತದೆ. ನವಜಾತ ಶಿಶುಗಳ ಆಸ್ಪತ್ರೆ ಕೋಣೆಗಳಿಗೆ ಹೇಳಿರುವ ಮಿತಿ 50 ಡೆಸಿಬೆಲ್ ಮಾತ್ರ. ಇವೆರಡನ್ನೂ ಎದುರಿಗಿಟ್ಟುಕೊಂಡು ಮನೆಗೆ ಒಂದು ನಿಯಮ ಮಾಡಿಕೊಳ್ಳುವುದಾದರೆ: ಮಗು ಮಲಗಿದ್ದಾಗ ತೊಟ್ಟಿಲಿನ ಬಳಿ 50ರ ಆಸುಪಾಸು, ಎಚ್ಚರವಿದ್ದಾಗ 60–65, ಅಂದರೆ ಹಾಡಿನ ಮೇಲೆ ದನಿ ಏರಿಸದೆ ಮಾತಾಡಲು ಬರಬೇಕು. ನೀವು ಎದುರು ಕೂತು ಗಿಟಾರ್ ನುಡಿಸುವಾಗ 70–75 ತಲುಪಿದರೂ ಹತ್ತು ಹದಿನೈದು ನಿಮಿಷಕ್ಕೆ ಹೆದರಬೇಕಾಗಿಲ್ಲ.

ಅಂಕಿ ಹೆಚ್ಚು ಬಂದರೆ ವಾಲ್ಯೂಮ್ ಇಳಿಸುವುದಕ್ಕಿಂತ ಮೊದಲು ಸ್ಪೀಕರ್ ಜಾಗ ಬದಲಿಸಿ ನೋಡಿ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳು ಸದ್ದನ್ನು ಹಿಂದಕ್ಕೆ ಎಸೆಯುವುದರಿಂದ ಅಷ್ಟು ಇಳಿಯುವುದಿಲ್ಲ, ಆದರೂ ಗೊತ್ತಾಗುವಷ್ಟು ಇಳಿಯುತ್ತದೆ. ಸ್ಪೀಕರ್ ಮೂಲೆಯಲ್ಲಿದ್ದರೆ ಬೇಸ್ ಉಬ್ಬುತ್ತದೆ, ಆ ಬೇಸೇ ಗೋಡೆ ದಾಟಿ ಪಕ್ಕದ ಕೋಣೆಯ ತೊಟ್ಟಿಲಿಗೂ ಪಕ್ಕದ ಮನೆಗೂ ಹೋಗುವುದು. ಮೂಲೆಯಿಂದ ಎರಡಡಿ ಈಚೆಗೆ ತನ್ನಿ, ಅಡಿಗೆ ರಬ್ಬರ್ ಪಾದ ಅಥವಾ ದಪ್ಪ ಫೋಮ್ ಕೊಡಿ. ಮರದ ಕಪಾಟಿನ ಮೇಲೆ ನೇರವಾಗಿ ಕೂತ ಸ್ಪೀಕರ್ ಕಪಾಟನ್ನೇ ನುಡಿಸುತ್ತಿರುತ್ತದೆ.

ನಿದ್ದೆಗೆಂದು ‘ಶ್’ ಎನ್ನುವ ವೈಟ್ ನಾಯ್ಸ್ ಯಂತ್ರ ತಂದಿಟ್ಟಿದ್ದರೆ ಅದನ್ನೂ ಅಳೆಯಿರಿ. 2014ರಲ್ಲಿ ಇಂಥ 14 ಯಂತ್ರಗಳನ್ನು ಪೂರ್ತಿ ವಾಲ್ಯೂಮಿನಲ್ಲಿ ಪರೀಕ್ಷಿಸಿದಾಗ 30 ಸೆಂಟಿಮೀಟರ್ ದೂರದಲ್ಲಿ ಎಲ್ಲವೂ 50 ಡೆಸಿಬೆಲ್ ಮೀರಿದ್ದವು. ಮೂರು ಯಂತ್ರಗಳು 85ನ್ನೂ ದಾಟಿದ್ದವು. ತೊಟ್ಟಿಲಿಗೆ ಕಟ್ಟಬಾರದು. ಕನಿಷ್ಠ 2 ಮೀಟರ್ ದೂರ, ಕಡಿಮೆ ವಾಲ್ಯೂಮ್, ಮಗು ಮಲಗಿದ ಮೇಲೆ ತಾನೇ ಆರುವಂತೆ ಟೈಮರ್. ಜನ ಸ್ಪೀಕರ್‌ಗೆ ಹೆದರುತ್ತಾರೆ, ಇದಕ್ಕೆ ಹೆದರುವುದಿಲ್ಲ. ಅಪಾಯ ಹೆಚ್ಚಿರುವುದು ಇಡೀ ರಾತ್ರಿ ಕಿವಿಯ ಪಕ್ಕ ಓಡುವ ಈ ಡಬ್ಬಿಯಲ್ಲಿ.

ದಿನವಿಡೀ ಹಾಡು ಇರಲೇಬೇಕು ಎಂದಿದ್ದೀರಿ. ಇಲ್ಲಿ ಮಾತ್ರ ನೀವು ಕೈ ಸಡಿಲಿಸಬೇಕು, ಅದೂ ಕಿವಿಯ ಕಾರಣಕ್ಕಲ್ಲ. ಗದ್ದಲದ ನಡುವೆ ಮಾತನ್ನು ಹೆಕ್ಕಿ ತೆಗೆಯುವ ಶಕ್ತಿ ಕೂಸಿಗೆ ಇನ್ನೂ ಬಂದಿರುವುದಿಲ್ಲ. ಹಿನ್ನೆಲೆಯಲ್ಲಿ ಹಾಡು ಓಡುತ್ತಿದ್ದರೆ ನಮಗೆ ಸ್ಪಷ್ಟವಾಗಿ ಕೇಳುವ ಮಾತು ಅದಕ್ಕೆ ಮಸುಕು. ಸಾಹಿತ್ಯವಿರುವ ಹಾಡಾದರೆ ಇನ್ನೂ ಕಷ್ಟ. ಹೊತ್ತು ಗೊತ್ತುಮಾಡಿ, 20–30 ನಿಮಿಷ ಹಾಕಿ, ಆರಿಸಿ. ಆರಿಸಿದ ಮೇಲಿನ ಮೌನವೂ ಕೂಸಿಗೆ ಬೇಕು.

ದೊಡ್ಡ ಸ್ಪೀಕರ್‌ಗಳಿರುವ ಸಭೆ, ಸಮಾರಂಭ, ಸಂಗೀತ ಕಛೇರಿಗಳಿಗೆ ಮಗುವನ್ನು ಕರೆದೊಯ್ಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಸಂಗೀತ ಬಲ್ಲ ಮನೆಯಲ್ಲಿ ಇದು ಬಂದೇ ಬರುವ ಪ್ರಶ್ನೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಜಾಗಗಳಿಗೆ ಹಾಕಿಕೊಟ್ಟ ಮಾನದಂಡದಲ್ಲಿ ಗರಿಷ್ಠ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬೆಲ್. ಅದು ದೊಡ್ಡವರಿಗೆ ಹಾಕಿದ ಗೆರೆ. ಕೂಸನ್ನು ಕರೆದೊಯ್ಯಲೇಬೇಕಾದರೆ ಸ್ಪೀಕರ್ ಎದುರಿನ ಸಾಲು ಬಿಟ್ಟು ಹಿಂದೆ, ಬಾಗಿಲ ಬಳಿ ಕೂರಿ. ಕಿವಿಯನ್ನು ಪೂರ್ತಿ ಸುತ್ತುವರಿಯುವ ಶಿಶುಗಳ ಇಯರ್‌ಮಫ್ ಹಾಕಿ. ಮಫ್ ಮತ್ತು ಚರ್ಮದ ನಡುವೆ ಟೋಪಿಯ ಅಂಚು ಸಿಕ್ಕಿಕೊಂಡರೆ ಅಲ್ಲಿಂದ ಸದ್ದು ನುಗ್ಗುತ್ತದೆ, ಆಮೇಲೆ ಹಾಕಿದ್ದೂ ಹಾಕದಿದ್ದೂ ಒಂದೇ. ನೆತ್ತಿಯ ಮೇಲೆ ಪಟ್ಟಿ ಒತ್ತುತ್ತಿದೆಯೇ ಎಂದು ಆಗಾಗ ನೋಡಿ, ಅದನ್ನು ಹಾಕಿಕೊಂಡೇ ಮಲಗಲು ಬಿಡಬೇಡಿ. ಕಿವಿಯೊಳಗೆ ತುರುಕುವ ಪ್ಲಗ್, ಹತ್ತಿ ಎರಡೂ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಉಸಿರಿಗೆ ಅಡ್ಡ.

ಇನ್ನೊಂದು ಮಾತು. ಬಾಗಿಲು ಬಡಿದರೆ ಬೆಚ್ಚುತ್ತದೆ, ಗಿಟಾರ್ ಕೇಳಿದರೆ ತಿರುಗುತ್ತದೆ, ಹಾಗಾಗಿ ಮಗುವಿನ ಕಿವಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಅರೆ ಕಿವುಡಿರುವ ಮಗುವೂ ಬೆಚ್ಚಬಹುದು. ಹುಟ್ಟಿದ 1 ತಿಂಗಳೊಳಗೆ ಶ್ರವಣ ತಪಾಸಣೆ, ಅನುಮಾನ ಬಂದರೆ 3 ತಿಂಗಳೊಳಗೆ ಖಚಿತ ಪರೀಕ್ಷೆ, ದೋಷವಿದ್ದರೆ 6 ತಿಂಗಳೊಳಗೆ ಚಿಕಿತ್ಸೆ ಶುರು: ಇದು ವೈದ್ಯರು ಶಿಫಾರಸು ಮಾಡುವ ಕ್ರಮ. ಮಗುವಿನ ಕಡತದಲ್ಲಿ ಒಎಇ ಅಥವಾ ಬೆರಾ ಎಂಬ ಶ್ರವಣ ಪರೀಕ್ಷೆಯ ಚೀಟಿ ಇದೆಯೇ ನೋಡಿ. ಇಲ್ಲದಿದ್ದರೆ ಈ ವಾರವೇ ಮಾಡಿಸಿ.

ನಿಮ್ಮ ಕಿವಿಯನ್ನೂ ಮರೆಯಬೇಡಿ. ಹೆಗಲ ಮೇಲಿನ ಕೂಸು ಕಿವಿಯ ಪಕ್ಕದಲ್ಲೇ ರಚ್ಚೆ ಹಿಡಿದರೆ ಸದ್ದು 100 ಡೆಸಿಬೆಲ್ ದಾಟುವುದುಂಟು. ಸಂಗೀತಗಾರರು ಬಳಸುವ, ಎಲ್ಲ ಸ್ಥಾಯಿಗಳನ್ನೂ ಸಮನಾಗಿ ತಗ್ಗಿಸುವ ಇಯರ್‌ಪ್ಲಗ್ ಹಾಕಿಕೊಂಡು ಎತ್ತಿ ಆಡಿಸುವುದರಲ್ಲಿ ತಪ್ಪೇನಿಲ್ಲ. ಮಗು ಕೈಯಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ. ಕಿವಿಗೆ ತುಸು ಬಿಡುವು ಸಿಕ್ಕರೆ ತಾಳ್ಮೆಯೂ ಉಳಿಯುತ್ತದೆ. ತಾಳ್ಮೆ ತಪ್ಪಿತು ಅನ್ನಿಸಿದರೆ ಮಗುವನ್ನು ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿ ಐದು ಹತ್ತು ನಿಮಿಷ ಹೊರಗೆ ಹೋಗಿ. ಕೂಸನ್ನು ಯಾವ ಕಾರಣಕ್ಕೂ ಅಲುಗಾಡಿಸಬಾರದು. ಅಳು ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ ತುದಿ ಮುಟ್ಟಿ 3–4 ತಿಂಗಳಲ್ಲಿ ಇಳಿಯುತ್ತದೆ, ಅಂದರೆ ನೀವು ಇಳಿಜಾರಿನಲ್ಲಿದ್ದೀರಿ.

ಹೆಡ್‌ಫೋನ್ ವಿಷಯ ಬೇರೆ. ಮಗುವಿನ ಜವಾಬ್ದಾರಿ ನಿಮ್ಮದಾಗಿರುವ ಹೊತ್ತಿನಲ್ಲಿ ಹೊರಗಿನ ಸದ್ದು ಮುಚ್ಚುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬೇಡವೇ ಬೇಡ. ಪಕ್ಕದ ಕೋಣೆಯಲ್ಲಿ ಕಕ್ಕಿ ಉಸಿರುಗಟ್ಟುವ ಮಗು ಗಟ್ಟಿಯಾಗಿ ಅಳುವುದಿಲ್ಲ. ಒಂದೇ ಕಿವಿಗೆ ಇಯರ್‌ಬಡ್, ಇಲ್ಲವೇ ಕಿವಿ ತೆರೆದೇ ಇರುವ, ಮೂಳೆಯ ಮೂಲಕ ಸದ್ದು ಕಳಿಸುವ ಮಾದರಿ ಇರಲಿ. ನಿಮ್ಮ ಪಾಳಿ ಮುಗಿದು ಮಗು ಇನ್ನೊಬ್ಬರ ಕೈಗೆ ಹೋದ ಮೇಲೆ ಎರಡೂ ಕಿವಿ ಮುಚ್ಚಿಕೊಳ್ಳಿ. ಆದರೆ ಮೊದಲು ಹೇಳಿ: “ಎಂಟರಿಂದ ಒಂಬತ್ತರವರೆಗೆ ಕೇಳ್ತೀನಿ, ಆಮೇಲೆ ನಾನು ನೋಡ್ಕೋತೀನಿ, ನೀನು ಮಲಗು.” ಮುಗಿಯುವ ಗಳಿಗೆ ಗೊತ್ತಿಲ್ಲದ ಹೆಡ್‌ಫೋನ್ ಎದುರಿಗಿರುವವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಗಡಿಯಾರ ಇಟ್ಟುಕೊಂಡರೆ ಅದೇ ಹೆಡ್‌ಫೋನಿಗೆ ಯಾರೂ ತಕರಾರು ಮಾಡುವುದಿಲ್ಲ.

ಜೋಗುಳಕ್ಕೆ ಬರೋಣ. ನೀವು ಹಾಡಿದರೆ ಮಗು ಎಚ್ಚರಗೊಳ್ಳುವುದು ನಿಮ್ಮ ದನಿ ಕೆಟ್ಟದೆಂದಲ್ಲ. ಬಹುಶಃ ನೀವು ಚೆನ್ನಾಗಿ ಹಾಡುತ್ತೀರಿ, ಅದೇ ಸಮಸ್ಯೆ. ಅಭ್ಯಾಸವಿರುವ ಗಾಯಕರು ಒಂದೇ ಸಾಲನ್ನು ಎರಡನೆಯ ಸಲ ಹಾಡುವಾಗ ತಮಗರಿವಿಲ್ಲದೆ ಒಂದು ಸಂಗತಿ, ಅಂದರೆ ಅದೇ ಸಾಲಿನ ಬೇರೊಂದು ರೂಪ, ಸೇರಿಸುತ್ತಾರೆ, ಸ್ವರಕ್ಕೊಂದು ತಿರುವು ಕೊಡುತ್ತಾರೆ, ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುತ್ತಾರೆ. ಹೊಸದು ಬಂದಾಗಲೆಲ್ಲ ಕೂಸಿನ ಗಮನ ಎದ್ದು ಕೂರುತ್ತದೆ. ಹುಟ್ಟಿ ಎರಡು ಮೂರು ದಿನವಾದ ಶಿಶುಗಳ ಮೆದುಳು ತಾಳದಲ್ಲಿ ಬರಬೇಕಾದ ಪೆಟ್ಟು ಬರದಿದ್ದರೆ ಅದನ್ನು ಗುರುತಿಸುತ್ತದೆ ಎಂದು 2009ರ ಅಧ್ಯಯನವೊಂದು ತೋರಿಸಿದೆ. ಅಂಥ ಕಿವಿಗೆ ನಿದ್ದೆ ಬರಬೇಕಾದರೆ ಮುಂದೇನು ಬರುತ್ತದೆ ಎನ್ನುವುದು ಮೊದಲೇ ಗೊತ್ತಿರಬೇಕು.

ಆದ್ದರಿಂದ ಒಂದೇ ಜೋಗುಳ ಆರಿಸಿ. ಐದು ಸ್ವರಗಳೊಳಗೆ ಓಡಾಡುವಂಥದ್ದು, ಸಾಲುಗಳು ಚಿಕ್ಕವು, ದೊಡ್ಡ ನೆಗೆತವಿಲ್ಲದ್ದು. ನಿಮಗೇ ಬೇಸರ ಬರುವಷ್ಟು ಸರಳವಾಗಿದ್ದರೆ ಸರಿಯಾದದ್ದನ್ನು ಆರಿಸಿದ್ದೀರಿ. ಶ್ರುತಿ ನಿಮ್ಮ ಮಾತಿನ ಮಟ್ಟಕ್ಕಿಂತ ತುಸುವೇ ಮೇಲಿರಲಿ. ನಡುರಾತ್ರಿ ಬೆಚ್ಚಗಾಗದ ಗಂಟಲಿನಲ್ಲಿ ಎತ್ತರಕ್ಕೆ ಹೋದರೆ ದನಿ ಒಡೆಯುತ್ತದೆ, ಮಗು ಬೆಚ್ಚುತ್ತದೆ. ಮಗುವನ್ನು ಎದೆಗೆ ಆನಿಸಿ ಹಿಡಿದರೆ ಗಂಡಸಿನ ತಗ್ಗು ದನಿಯ ಕಂಪನ ಅದರ ಮೈಗೂ ತಾಗುತ್ತದೆ, ಇದು ನಿಮಗೆ ಸಿಕ್ಕ ಅನುಕೂಲ. ತಾಳದ ಪೆಟ್ಟು ಎಣಿಸಿಕೊಡುವ ಮೆಟ್ರೋನೋಮ್ ಲೆಕ್ಕದಲ್ಲಿ ನಿಮಿಷಕ್ಕೆ 70 ಪೆಟ್ಟಿನ ಸುತ್ತ ಶುರುಮಾಡಿ, ಎಂಟು ಹತ್ತು ನಿಮಿಷದಲ್ಲಿ 60ಕ್ಕೆ ಇಳಿಸಿ. ಮೊದಲು ಪದಗಳೊಡನೆ, ಆಮೇಲೆ ಬಾಯಿ ಮುಚ್ಚಿ ಗುನುಗು, ಕೊನೆಗೆ ಬರೀ ಮೊದಲ ಸಾಲಿನ ಗುನುಗು, ಸಾಲುಗಳ ನಡುವೆ ಉದ್ದನೆಯ ಉಸಿರು. ಮಗು ಆಗಲೇ ಕಿರುಚುತ್ತಿದ್ದರೆ ಮೆಲುದನಿ ಅದಕ್ಕೆ ಕೇಳಿಸುವುದೇ ಇಲ್ಲ. ಆಗ ಮೊದಲ ಅರ್ಧ ನಿಮಿಷ ತುಸು ಗಟ್ಟಿಯಾಗಿ, ಬಲವಾದ ಲಯದಲ್ಲಿ ಹಾಡಿ, ಅಳು ತಗ್ಗಿದಂತೆ ನೀವೂ ತಗ್ಗಿ.

ಹಾಡು ನಿಜಕ್ಕೂ ಕೆಲಸ ಮಾಡುತ್ತದೆಯೇ? 2015ರಲ್ಲಿ ಪ್ರಕಟವಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 6ರಿಂದ 9 ತಿಂಗಳ ಶಿಶುಗಳಿಗೆ ಅವು ಎಂದೂ ಕೇಳದ ಟರ್ಕಿಶ್ ಭಾಷೆಯ ಹಾಡು ಮತ್ತು ಮಾತು ಕೇಳಿಸಿದರು. ಮುದ್ದುಮಾತು ಕೇಳಿದಾಗ ನಾಲ್ಕು ನಿಮಿಷ ಚಿಲ್ಲರೆಗೆ ರಗಳೆ ಶುರುವಾದರೆ, ಹಾಡು ಕೇಳಿದಾಗ ಸರಾಸರಿ 9 ನಿಮಿಷ ಶಾಂತವಾಗಿದ್ದವು. ಗಮನಿಸಿ, 9 ನಿಮಿಷ, ರಾತ್ರಿಯಿಡೀ ಅಲ್ಲ. ಜೋಗುಳ ಮಗುವಿನ ಹಸಿವನ್ನು, ಒದ್ದೆ ಡಯಾಪರನ್ನು, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಮರೆಸುವುದಿಲ್ಲ. ಹಾಡುವ ಮೊದಲು ಇವು ಮೂರನ್ನೂ ನೋಡಿರಬೇಕು.

ಇನ್ನು ತೋಳಿನಲ್ಲಿ ನಿದ್ದೆ ಹೋದ ಮಗು ತೊಟ್ಟಿಲಿಗೆ ಹಾಕಿದೊಡನೆ ಏಳುವ ಕಾಟ. ಜಪಾನಿನ ಸಂಶೋಧಕರು 2022ರಲ್ಲಿ ಇದನ್ನು ಎದೆಬಡಿತ ಅಳೆದು ನೋಡಿದರು. ಅಳುವ ಮಗುವನ್ನು ಎತ್ತಿಕೊಂಡು ತಡೆಯಿಲ್ಲದೆ 5 ನಿಮಿಷ ನಡೆದರೆ ಅಳು ನಿಲ್ಲುತ್ತದೆ, ಹಲವು ಮಕ್ಕಳು ನಿದ್ದೆಗೂ ಜಾರುತ್ತವೆ. ಆಮೇಲೆ ಮಗುವನ್ನು ಹಿಡಿದುಕೊಂಡೇ 5ರಿಂದ 8 ನಿಮಿಷ ಕೂತು, ನಂತರ ಮಲಗಿಸಬೇಕು. ಮಗು ಎಚ್ಚರಗೊಳ್ಳಲು ಶುರುವಾಗುವುದು ಬೆನ್ನು ಹಾಸಿಗೆಗೆ ತಾಗಿದಾಗಲ್ಲ, ಎತ್ತಿಕೊಂಡವರ ಮೈಯಿಂದ ಬೇರೆಯಾಗುವ ಗಳಿಗೆಯಲ್ಲಿ. ಕೂರುವ ಆ 8 ನಿಮಿಷವನ್ನು ಉಳಿಸಲು ಹೋಗಿ ಅಪ್ಪಂದಿರು ಮುಂದಿನ 40 ನಿಮಿಷ ಕಳೆದುಕೊಳ್ಳುತ್ತಾರೆ. ನಡೆಯುವಾಗ ಹಾಡಿ, ಕೂತಾಗ ಗುನುಗಿ, ಬಗ್ಗಿ ಮಲಗಿಸುವಾಗಲೂ ಗುನುಗು ನಿಲ್ಲಿಸಬೇಡಿ. ಎದೆಯ ಮೇಲೆ ಅಂಗೈಯಿಟ್ಟು ಒಂದೆರಡು ಸಾಲು ಮುಗಿದ ಮೇಲೆ ಕೈ ತೆಗೆಯಿರಿ. ಅಂಗಾತ ಮಲಗಿಸಿ, ಗಟ್ಟಿ ಚಪ್ಪಟೆ ಹಾಸು, ದಿಂಬು ಬೇಡ. ಸೋಫಾದಲ್ಲಿ ಒರಗಿ ಹಾಡುತ್ತ ನೀವೇ ನಿದ್ದೆ ಹೋಗುವುದು ಇವೆಲ್ಲಕ್ಕಿಂತ ಅಪಾಯಕರ, ಕೂಸು ಸಂದಿಗೆ ಜಾರಿ ಉಸಿರುಗಟ್ಟುತ್ತದೆ. ಕಣ್ಣೆಳೆಯುತ್ತಿದ್ದರೆ ಸೋಫಾ ಬಿಟ್ಟು ಬೆನ್ನು ನೆಟ್ಟಗಿರುವ ಕುರ್ಚಿಗೆ ಬನ್ನಿ; ಅಲ್ಲೂ ತೂಕಡಿಕೆ ಬಂದರೆ ಹಾಡು ಅರ್ಧಕ್ಕೇ ಬಿಟ್ಟು ಮಗುವನ್ನು ತೊಟ್ಟಿಲಿಗೆ ಹಾಕಿ.

ಎರಡು ವಾರ ಅದೇ ಹಾಡು, ಅದೇ ಹೊತ್ತು, ಅದೇ ಮಂದ ಬೆಳಕು. ಮೂರನೆಯ ದಿನಕ್ಕೇ ಹಾಡು ಬದಲಿಸಿದವರು ‘ನಮ್ಮ ಮಗುವಿಗೆ ಜೋಗುಳ ಆಗಿಬರಲ್ಲ’ ಎನ್ನುತ್ತಾರೆ. ಹುಟ್ಟಿದಾಗಲೇ ತಾಯಿಯ ದನಿಯನ್ನು ಆರಿಸಿಕೊಳ್ಳುವ ಶಿಶುಗಳು ತಂದೆಯ ದನಿಗೆ ಅಂಥ ಒಲವು ತೋರುವುದಿಲ್ಲ ಎಂದು 1980ರ ದಶಕದ ಪ್ರಯೋಗಗಳು ಹೇಳಿವೆ. ಅಮ್ಮನ ದನಿ ಗರ್ಭದೊಳಗೆ ಒಳಗಿನಿಂದಲೇ ಕೇಳುತ್ತಿತ್ತು, ಅಪ್ಪನದು ಗೋಡೆಯಾಚೆಯದು. ಆ ಅಂತರವನ್ನು ನಿತ್ಯದ ಅದೇ ಹಾಡು ತುಂಬುತ್ತದೆ.

ಶಾಸ್ತ್ರೀಯ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದೆಯೇ? ಇಲ್ಲ. ಈ ನಂಬಿಕೆ ಹುಟ್ಟಿದ್ದು 1993ರಲ್ಲಿ. ಮೊಜಾರ್ಟ್‌ನ ರಚನೆ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ತಿರುಗಿಸುವಂಥ ಒಂದು ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷದ ಮಟ್ಟಿಗೆ ತುಸು ಮುಂದಿದ್ದರು, ಅಷ್ಟೇ. ಆ ಪ್ರಯೋಗದಲ್ಲಿ ಶಿಶು ಒಂದೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿಡಿ ಕೊಡಲು ಬಜೆಟ್‌ನಲ್ಲಿ ಹಣ ಕೇಳಿದರು! ಮುಂದೆ ಬಂದ ಪರಿಶೀಲನೆಗಳಲ್ಲಿ ಉಳಿದದ್ದು ಇಷ್ಟು: ಮನಸ್ಸಿಗೆ ಹಿತವಾದದ್ದನ್ನು ಕೇಳಿದ ಮೇಲೆ ಯಾರಾದರೂ ಸ್ವಲ್ಪ ಹೊತ್ತು ಲವಲವಿಕೆಯಿಂದ ಇರುತ್ತಾರೆ.

ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವ ಸಂಗತಿ ಬೇರೆ ಕಡೆ ಇದೆ. 7 ತಿಂಗಳ ಶಿಶುಗಳಿಗೆ ಒತ್ತಿಲ್ಲದ ಒಂದು ಲಯ ಕೇಳಿಸುತ್ತ, ಕೆಲವನ್ನು ಎರಡೆರಡು ಪೆಟ್ಟಿಗೆ, ಕೆಲವನ್ನು ಮೂರು ಮೂರು ಪೆಟ್ಟಿಗೆ ಕುಣಿಸಿದರು. ತಮ್ಮ ಮೈ ಕುಣಿದ ಲೆಕ್ಕದ ಲಯವನ್ನೇ ಆಮೇಲೆ ಅವು ಹೆಚ್ಚು ಹೊತ್ತು ಕೇಳಿದವು. ತಾಳ ಒಳಗಿಳಿದದ್ದು ಬರೀ ಕಿವಿಯಿಂದಲ್ಲ, ಮೈಯಿಂದ. ಇನ್ನೊಂದು ಪ್ರಯೋಗದಲ್ಲಿ 14 ತಿಂಗಳ ಮಕ್ಕಳನ್ನು ಎದುರಿಗಿದ್ದವರು ಕುಣಿಯುವ ಲಯಕ್ಕೇ ಕುಣಿಸಿದರು. ಆಮೇಲೆ ಆ ವ್ಯಕ್ತಿಯ ಕೈಯಿಂದ ಬಿದ್ದ ವಸ್ತುವನ್ನು ಎತ್ತಿಕೊಡಲು ಆ ಮಕ್ಕಳು, ಲಯ ತಪ್ಪಿ ಕುಣಿಸಿದ ಮಕ್ಕಳಿಗಿಂತ ಹೆಚ್ಚಾಗಿ ಮುಂದೆ ಬಂದವು. ಹಾಗಾಗಿ ಒಳ್ಳೆಯ ಸ್ಪೀಕರ್‌ಗೆ ಹಾಕುವ ದುಡ್ಡು ನಿಮ್ಮ ಸಂತೋಷಕ್ಕೆ ಇರಲಿ, ಮಗುವಿನ ಹೆಸರು ಹೇಳಬೇಡಿ. ಮಗುವಿಗೆ ಬೇಕಾದ್ದು ನಿಮ್ಮ ತೊಡೆ. ಕುತ್ತಿಗೆ ನಿಂತ ಮೇಲೆ, ಅಂದರೆ ನಾಲ್ಕೈದು ತಿಂಗಳಿಗೆ, ಪಕ್ಕೆ ಹಿಡಿದು ತೊಡೆಯ ಮೇಲೆ ಮೆಲ್ಲಗೆ ತಾಳಕ್ಕೆ ಕುಣಿಸಿ. ವರ್ಷ ತುಂಬಿದ ಮೇಲೆ ಗೊತ್ತಿರುವ ಹಾಡಿನ ಸಾಲಿನ ಕೊನೆಯ ಪದ ಬಿಟ್ಟು ನಿಲ್ಲಿಸಿ, ಕಾಯಿರಿ. ಐದಾರು ಸೆಕೆಂಡ್ ಕಾಯಬೇಕು, ನಾವು ಎರಡಕ್ಕೇ ಬಾಯಿ ಹಾಕುತ್ತೇವೆ. ವಾದ್ಯದ ಪಾಠ ಐದಾರು ವರ್ಷಕ್ಕೆ ಮುಂಚೆ ಯೋಚಿಸುವ ಅಗತ್ಯವೇ ಇಲ್ಲ.

ಈಗ ಹೊತ್ತಿನ ಲೆಕ್ಕ, ಕಷ್ಟದ್ದು. ವಾರಕ್ಕೆ 168 ಗಂಟೆ. ಒಂದು ಹಾಳೆಯಲ್ಲಿ ಇಬ್ಬರೂ ಕೂತು ಒಂದು ವಾರದ ಮಟ್ಟಿಗೆ ಒಂದೇ ಒಂದನ್ನು ಬರೆಯಿರಿ: ಮಗುವಿನ, ಮನೆಯ, ಸಂಬಳದ ಕೆಲಸ ಯಾವುದೂ ಮೈಮೇಲೆ ಇಲ್ಲದ ಎಚ್ಚರದ ಗಂಟೆ ಯಾರಿಗೆ ಎಷ್ಟು ಸಿಕ್ಕಿತು? ಕೆಲಸಗಳನ್ನು ಸಮ ಹಂಚಲು ಹೋದರೆ ಜಗಳ ಮುಗಿಯುವುದಿಲ್ಲ. ಹಾಲೂಡಿಸುವುದಕ್ಕೆ ಸಮನಾದದ್ದು ಯಾವುದು ಎಂದು ತೂಗುವ ತಕ್ಕಡಿ ಇಲ್ಲ. ಬಿಡುವಿನ ಗಂಟೆಯನ್ನು ಎಣಿಸಬಹುದು. ಮೊದಲ ವಾರ ಅಪ್ಪನ ಕಾಲಂ 9, ಅಮ್ಮನದು 2 ಎಂದು ಬಂದರೆ ಆಶ್ಚರ್ಯಪಡಬೇಡಿ. ಗುರಿ ಎರಡನ್ನೂ ಸಮಮಾಡುವುದು, ಅದು 4 ಆದರೂ ಸರಿ. ಆ 4 ಗಂಟೆ ಗಿಟಾರ್ ಹಿಡಿದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಗೆಳೆಯರೊಡನೆ ತಾಲೀಮಿಗೆ ಹೋಗಿ 3 ಗಂಟೆ ಕಳೆದರೆ ಅದೇ ವಾರದೊಳಗೆ 3 ಗಂಟೆ ಹೆಂಡತಿಗೆ ಸಲ್ಲಬೇಕು. ‘ಮುಂದಿನ ತಿಂಗಳು ನೋಡೋಣ’ ಎನ್ನುವ ಸಾಲ ತೀರಿದ್ದಿಲ್ಲ.

ಬಾಣಂತಿಗೆ ಎಲ್ಲಕ್ಕಿಂತ ಬೇಕಾದ್ದು ಒಂದೇ ಪಟ್ಟಿನಲ್ಲಿ ನಾಲ್ಕೈದು ಗಂಟೆ ನಿದ್ದೆ. ಎದೆಹಾಲು ಮಾತ್ರ ಕುಡಿಯುವ ಮಗುವಾದರೂ ಹಾಲಿನ ಹಿಂದು ಮುಂದಿನದೆಲ್ಲ ಅಪ್ಪನ ಕೆಲಸವಾಗಬಹುದು: ಎತ್ತಿ ತರುವುದು, ಡಯಾಪರ್ ಬದಲಿಸುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ತೆಗೆಸುವುದು, ಮತ್ತೆ ಮಲಗಿಸುವುದು. ಹಿಂಡಿಟ್ಟ ಹಾಲು ಇದ್ದರೆ ಒಂದು ಸರದಿಯನ್ನು ಪೂರ್ತಿ ನೀವೇ ವಹಿಸಿಕೊಳ್ಳಿ. ‘ಏನಾದರೂ ಸಹಾಯ ಬೇಕಾದರೆ ಹೇಳು’ ಎನ್ನುವುದು ಕೆಲಸ ಹಂಚಿಕೊಂಡಂತಲ್ಲ. ನೋಡುವ, ನೆನಪಿಡುವ, ಹೇಳುವ ಹೊರೆ ಹೆಂಡತಿಯ ತಲೆಯ ಮೇಲೇ ಉಳಿಯಿತು. ಒಂದೆರಡು ಕೆಲಸವನ್ನು ಬೇರುಸಹಿತ ತೆಗೆದುಕೊಳ್ಳಿ. ಲಸಿಕೆ ನಿಮ್ಮದು ಎಂದಾದರೆ ತಾರೀಕು, ಚೀಟಿ, ಹೋಗಿಬರುವುದು, ಆ ರಾತ್ರಿ ಜ್ವರ ಬಂದರೆ ಎದ್ದು ನೋಡುವುದು, ಮುಂದಿನ ಕಂತು ಯಾವಾಗ ಎಂದು ನೆನಪಿಡುವುದು ಎಲ್ಲ ನಿಮ್ಮದೇ.

ಅಭ್ಯಾಸದ ಬಗ್ಗೆ ನಿಷ್ಠುರವಾಗಿ ಹೇಳಬೇಕೆಂದರೆ, ಮೊದಲ ವರ್ಷ ಹೊಸದನ್ನು ಕಲಿಯುವ ವರ್ಷವಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವ ವರ್ಷ. ದಿನಕ್ಕೆ 15–20 ನಿಮಿಷದ ಒಂದು ಕಂತು ಸಾಕು, ಆದರೆ ಏನು ನುಡಿಸಬೇಕೆಂದು ಹಿಂದಿನ ರಾತ್ರಿಯೇ ಬರೆದಿಟ್ಟಿರಬೇಕು. ಇಲ್ಲದಿದ್ದರೆ ಶ್ರುತಿ ಮಾಡುತ್ತ, ಗೊತ್ತಿರುವ ಹಾಡುಗಳ ತುಣುಕು ಮೀಟುತ್ತ ಹೊತ್ತು ಹೋಗುತ್ತದೆ. ಗಿಟಾರಿನ ಬ್ರಿಡ್ಜ್ ಬಳಿ ತಂತಿಗಳ ಕೆಳಗೆ ಮಡಿಸಿದ ಬಟ್ಟೆ ತೂರಿಸಿದರೆ ಮುಚ್ಚಿದ ಬಾಗಿಲಿನಾಚೆ ಬಹುತೇಕ ಕೇಳುವುದಿಲ್ಲ, ಎರಡು ಕೈಗಳ ಕೆಲಸಕ್ಕೆ ಅಷ್ಟು ನಾದ ಸಾಲುತ್ತದೆ. ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಆ್ಯಂಪ್ ಇಲ್ಲದೆಯೇ ನುಡಿಸಿ. ಕೀಬೋರ್ಡಿಗೆ ಹೆಡ್‌ಫೋನ್ ಹಾಕಿದರೂ ಕೀಲಿಗಳ ದಡದಡ ಸ್ಟ್ಯಾಂಡಿನ ಮೂಲಕ ನೆಲಕ್ಕಿಳಿಯುತ್ತದೆ. ಕಾಲುಗಳ ಕೆಳಗೆ ದಪ್ಪ ಚಾಪೆ ಬೇಕು. ಗಂಟಲಿಗಾದರೆ ಸ್ಟ್ರಾ ಒಂದನ್ನು ತುಟಿಗಳ ನಡುವೆ ಹಿಡಿದು ಅದರ ಮೂಲಕ ಸ್ವರ ಗುನುಗುವುದು ಚೆನ್ನಾದ ಸಾಧನೆ: ಐದಾರು ನಿಮಿಷ, ಕೆಳಗಿನಿಂದ ಮೇಲಕ್ಕೆ ಜಾರುತ್ತ. ಸದ್ದು ತೀರಾ ಕಡಿಮೆ, ನಿದ್ದೆಗೆಟ್ಟ ಗಂಟಲಿಗೂ ಹಗುರ.

ನಗುವವರ ವಿಷಯ. ಗಂಡಸು ಜೋಗುಳ ಹಾಡಿದರೆ ನಗುತ್ತಾರೆ, ಅವನೇ ಡಯಾಪರ್ ಬದಲಿಸಿದರೆ ‘ಎಂಥಾ ಒಳ್ಳೆ ಗಂಡ’ ಎಂದು ಹೊಗಳುತ್ತಾರೆ. ಈ ಹೊಗಳಿಕೆಯೂ ಆ ನಗುವಿನಷ್ಟೇ ಕೆಟ್ಟದ್ದು. ಅಮ್ಮ ದಿನಕ್ಕೆ ಹತ್ತು ಸಲ ಮಾಡುವುದನ್ನು ಯಾರೂ ಗಮನಿಸುವುದಿಲ್ಲ. ಎರಡಕ್ಕೂ ಉತ್ತರ ಕೊಡುವ ಗೋಜಿಗೆ ಹೋಗಬೇಡಿ. ಒಂದನ್ನು ಮಾತ್ರ ಮಾಡಿ: ಜನ ಬಂದಾಗ ಅಳುವ ಮಗುವನ್ನು ಹೆಂಡತಿಯ ಕೈಗೆ ದಾಟಿಸಬೇಡಿ. ಬಹಳ ಜನ ಅಪ್ಪಂದಿರು ಒಬ್ಬರೇ ಇದ್ದಾಗ ಚೆನ್ನಾಗಿ ಸಂಭಾಳಿಸುತ್ತಾರೆ, ನಾಲ್ಕು ಜನರೆದುರು ಕೈ ಬಿಡುತ್ತಾರೆ. “ನಿದ್ದೆ ಹೊತ್ತು, ಮಲಗಿಸಿ ಬರ್ತೀನಿ” ಎಂದು ಎದ್ದು ಒಳಗೆ ಹೋಗಿ. ಇಪ್ಪತ್ತು ನಿಮಿಷ ಬಿಟ್ಟು ಖಾಲಿ ಕೈಯಲ್ಲಿ ಹೊರಗೆ ಬಂದರೆ ನಗು ತಾನಾಗಿ ನಿಲ್ಲುತ್ತದೆ. ಪಕ್ಕದ ಮನೆಯವರಿಗೆ ಅಭ್ಯಾಸದ ಹೊತ್ತನ್ನು ಮೊದಲೇ ತಿಳಿಸಿ, ಅವರ ಮನೆಯೊಳಗೆ ಎಷ್ಟು ಕೇಳುತ್ತದೆ ಎಂದು ಒಮ್ಮೆ ನಿಂತು ಕೇಳಿ ಬನ್ನಿ.

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಮಾತ್ರ ನನಗೆ ಸ್ವಲ್ಪ ಚಿಂತೆ ತಂದಿತು. ಹೊತ್ತಿಲ್ಲವೆಂದು ಸಂಗೀತ ಬಿಡುವುದು ಬೇರೆ, ಕೇಳಿದರೂ ಏನೂ ಅನ್ನಿಸುತ್ತಿಲ್ಲವೆಂದು ಬಿಡುವುದು ಬೇರೆ. ಹೆರಿಗೆಯ ಮೊದಲು ಮತ್ತು ಆಮೇಲಿನ ತಿಂಗಳುಗಳಲ್ಲಿ ಹತ್ತು ಅಪ್ಪಂದಿರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ, ಅದು ಹೆಚ್ಚಾಗಿ ಮಗುವಿಗೆ 3ರಿಂದ 6 ತಿಂಗಳಾದಾಗ. ಗಂಡಸರಲ್ಲಿ ಅದು ಅಳುವಾಗಿ ಬರುವುದು ಕಡಿಮೆ. ಸಣ್ಣದಕ್ಕೂ ರೇಗುವುದು, ಕೆಲಸದಲ್ಲೋ ಹೆಡ್‌ಫೋನಿನಲ್ಲೋ ಅಡಗಿಕೊಳ್ಳುವುದು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು ಅದರ ಮುಖಗಳು. ಎರಡು ವಾರ ಹೀಗೇ ಸಾಗಿದರೆ, ಇಷ್ಟದ ಹಾಡೂ ಸಪ್ಪೆ ಎನ್ನಿಸಿದರೆ ವೈದ್ಯರನ್ನು ನೋಡಿ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆಂಬ ಯೋಚನೆ ಸುಳಿದರೆ ಎರಡು ವಾರ ಕಾಯಬೇಡಿ, ಅಂದೇ ಹೋಗಿ. ಹೆಂಡತಿಯಲ್ಲೂ ಇದೇ ಲಕ್ಷಣಗಳು ಕಂಡಾವು, ಅವರನ್ನೂ ಕೇಳಿ.

ಇನ್ನು ಉಳಿದದ್ದು ಮನೆಯ ಸಾಮಾನು. ಮಗ ಅಂಬೆಗಾಲಿಡಲು ಇನ್ನು ನಾಲ್ಕೈದು ತಿಂಗಳಷ್ಟೇ. ಅಷ್ಟರೊಳಗೆ ಗಿಟಾರನ್ನು ನೆಲದ ಸ್ಟ್ಯಾಂಡಿನಿಂದ ತೆಗೆದು ಗೋಡೆಯ ಕೊಕ್ಕೆಗೆ, ಒಂದೂವರೆ ಮೀಟರ್ ಮೇಲಕ್ಕೆ ಏರಿಸಿ. ಪಿಕ್, ಕತ್ತರಿಸಿದ ತಂತಿಯ ತುದಿ, ಇಯರ್‌ಬಡ್‌ನ ರಬ್ಬರ್ ಮುಚ್ಚಳ ಎಲ್ಲ ಮುಚ್ಚಳವಿರುವ ಡಬ್ಬಿಗೆ ಹೋಗಲಿ, ಕೇಬಲ್‌ಗಳು ಸುರುಳಿ ಸುತ್ತಿ ಕಪಾಟಿಗೆ. ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಗಿಟಾರಿಗೆ ಸಿಕ್ಕಿಸಿ ಶ್ರುತಿ ನೋಡುವ ಕ್ಲಿಪ್ ಟ್ಯೂನರ್, ಮೆಟ್ರೋನೋಮ್‌ಗಳಲ್ಲಿರುವ ನಾಣ್ಯದಂಥ ಬ್ಯಾಟರಿ. ಸಿಆರ್ 2032 ಎಂದು ಬರೆದಿರುವ 20 ಮಿಲಿಮೀಟರ್ ಅಗಲದ ಆ ಬಿಲ್ಲೆ ನುಂಗಿದ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಲು ಶುರುಮಾಡುತ್ತದೆ, ಮೊದಮೊದಲು ಮಗು ಆರಾಮಾಗಿಯೇ ಕಾಣಬಹುದು. ಟ್ಯೂನರ್‌ನ ಬ್ಯಾಟರಿ ಮುಚ್ಚಳ ಉಗುರಿನಲ್ಲೇ ತೆರೆಯುವಂಥದ್ದಾದರೆ ಸ್ಕ್ರೂ ಇರುವ ಮಾದರಿಗೆ ಬದಲಿಸಿ, ಅಥವಾ ಫೋನಿನ ಟ್ಯೂನರ್ ಬಳಸಿ. ಬ್ಯಾಟರಿ ಕಾಣೆಯಾಗಿದೆ, ಮಗು ನುಂಗಿರಬಹುದು ಎಂಬ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಹುಡುಕುತ್ತಾ ಕೂರದೆ, ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಅದೇ ಥರದ ಇನ್ನೊಂದು ಬ್ಯಾಟರಿಯನ್ನೋ ಅದರ ಪೊಟ್ಟಣವನ್ನೋ ಜೊತೆಗೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಅಳತೆ ತಕ್ಷಣ ಗೊತ್ತಾಗುತ್ತದೆ.